ಹ್ಯಾಗ್ಲರ್–ಲಿಯೊನಾರ್ಡ್ 1987: ಗೆದ್ದವರು ಯಾರು? ಆ 118-110 ಕಾರ್ಡು ಎಲ್ಲಿಂದ ಬಂತು?

ಸೌತ್‌ಪಾ_ಶಿವಮೊಗ್ಗ

1987ರ ಏಪ್ರಿಲ್ 6. ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಬಯಲಲ್ಲೇ ಕಟ್ಟಿದ ಬಾಕ್ಸಿಂಗ್ ರಿಂಗ್. ಮಾರ್ವೆಲಸ್ ಮಾರ್ವಿನ್ ಹ್ಯಾಗ್ಲರ್ ಆರೂವರೆ ವರ್ಷದಿಂದ ಮಿಡಲ್‌ವೇಟ್ ಅನ್ನೋ ತೂಕದ ವರ್ಗದ ಚಾಂಪಿಯನ್, ಹನ್ನೆರಡು ಸಲ ಪಟ್ಟ ಉಳಿಸಿಕೊಂಡವನು. ಎದುರಿಗೆ ಶುಗರ್ ರೇ ಲಿಯೊನಾರ್ಡ್. 1982ರಲ್ಲಿ ಕಣ್ಣಿನ ರೆಟಿನಾ ಆಪರೇಷನ್ ಆದಮೇಲೆ ಅವನು ರಿಂಗಿಗೆ ಇಳಿದಿದ್ದು ಒಂದೇ ಸಲ, 1984ರಲ್ಲಿ ಕೆವಿನ್ ಹೊವರ್ಡ್ ವಿರುದ್ಧ. ಅಲ್ಲೂ ನಾಲ್ಕನೇ ಸುತ್ತಲ್ಲಿ ಬಿದ್ದು, ಎದ್ದು, ಆಮೇಲೆ ಗೆದ್ದಿದ್ದ.

ಹನ್ನೆರಡು ಸುತ್ತು ಮುಗಿದಾಗ ಮೂವರು ಜಡ್ಜ್‌ಗಳಲ್ಲಿ ಲೂ ಫಿಲಿಪ್ಪೊ ತಮ್ಮ ಅಂಕದ ಕಾರ್ಡಲ್ಲಿ ಹ್ಯಾಗ್ಲರ್‌ಗೆ 115-113 ಕೊಟ್ಟರು. ಡೇವ್ ಮೊರೆಟಿ ಲಿಯೊನಾರ್ಡ್‌ಗೆ 115-113. ಮೂರನೆಯವರು ಜೋಜೋ ಗೆರಾ, ಲಿಯೊನಾರ್ಡ್‌ಗೆ 118-110. ಅಂದರೆ ಹನ್ನೆರಡರಲ್ಲಿ ಹತ್ತು ಸುತ್ತು ಲಿಯೊನಾರ್ಡ್‌ದು, ಹ್ಯಾಗ್ಲರ್ ಗೆದ್ದಿದ್ದು ಬರೀ ಎರಡು.

ನನ್ನ ಲೆಕ್ಕದಲ್ಲಿ ಹ್ಯಾಗ್ಲರ್ 115-113. ಇಡೀ ರಾತ್ರಿ ಮುಂದೆ ನುಗ್ಗಿದವನು ಅವನು. ಭಾರವಾದ ಗುದ್ದುಗಳೆಲ್ಲ ಅವನದೇ. ಐದನೇ ಸುತ್ತಲ್ಲಿ ಕೆಳಗಿಂದ ಮೇಲಕ್ಕೆ ಬೀಸಿದ ಆ ಅಪ್ಪರ್‌ಕಟ್ ಬಿದ್ದಾಗ ಲಿಯೊನಾರ್ಡ್ ಕಾಲು ಮೆತ್ತಗಾಗಿದ್ದು ಕಾಣುತ್ತೆ. ಲಿಯೊನಾರ್ಡ್ ತಬ್ಬಿ ಹಿಡಿದಾಗಲೆಲ್ಲ ರೆಫರಿ ರಿಚರ್ಡ್ ಸ್ಟೀಲ್ ಎಚ್ಚರಿಕೆ ಕೊಟ್ಟರು, ಒಂದು ಅಂಕವನ್ನೂ ಕಳೆಯಲಿಲ್ಲ. 115-113 ಆ ಕಡೆ ಹೋಗಿದ್ದರೆ ಬೇಜಾರಾಗುತ್ತಿತ್ತು, ಒಪ್ಪಿಕೊಳ್ಳುತ್ತಿದ್ದೆ. 118-110 ಒಪ್ಪೋಕೆ ಆಗಲ್ಲ. ನಿಮ್ಮ ಕಾರ್ಡು ಹೇಳಿ, ಕಾರಣದ ಸಮೇತ.

ಕುಡ್ಲ_ಕಾರ್ನರ್

ಮೊದಲ ಎರಡು ಸುತ್ತು ನೀವು ಯಾರಿಗೆ ಕೊಟ್ಟಿರಿ ಮಾರಾಯ್ರೆ? ಅದನ್ನು ಹೇಳಲೇ ಇಲ್ಲ. ನನ್ನ ಪ್ರಕಾರ ಪಂದ್ಯ ಅಲ್ಲೇ ಉಂಟು.

ಹ್ಯಾಗ್ಲರ್ ಹುಟ್ಟಾ ಎಡಗೈಯ ಬಾಕ್ಸರ್. ಬಲಗಾಲು ಮುಂದಿಟ್ಟು ನಿಂತರೆ ಅವನ ಎಡಗೈ ಎದುರಾಳಿಗೆ ಯಮ. ಅಂಥವನು ಜೀವನದ ಅತಿ ದೊಡ್ಡ ಪಂದ್ಯಕ್ಕೆ ಬಲಗೈಯವರ ಹಾಗೆ ನಿಂತು ಶುರು ಮಾಡಿದ. ಲಿಯೊನಾರ್ಡ್ ಸುತ್ತ ತಿರುಗುತ್ತಾ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹಾಕುತ್ತಾ ಆರಾಮಾಗಿ ಅಂಕ ತೆಗೆದ. ಮೂರನೇ ಸುತ್ತಿಗೆ ಹ್ಯಾಗ್ಲರ್ ತನ್ನ ನಿಜವಾದ ನಿಲುವಿಗೆ ಬಂದಾಗ ಲಿಯೊನಾರ್ಡ್‌ಗೆ ಕಾಲು ಸರಿಯಾಗಿ ಬಿಟ್ಟಿತ್ತು, ಧೈರ್ಯ ಬಂದಿತ್ತು. ಐದು ವರ್ಷದಲ್ಲಿ ಒಂದೇ ಪಂದ್ಯ ಆಡಿದವನಿಗೆ ಬೇಕಾದದ್ದು ಅದೇ, ಮೈ ಬಿಸಿ ಮಾಡಿಕೊಳ್ಳಲಿಕ್ಕೆ ಸಮಯ. ಅದನ್ನು ಹ್ಯಾಗ್ಲರ್ ಕೈಯಾರೆ ಕೊಟ್ಟ. ಹನ್ನೆರಡು ಸುತ್ತಿನ ಪಂದ್ಯದಲ್ಲಿ ಎರಡು ಸುತ್ತು ಬಿಟ್ಟುಕೊಟ್ಟ ಮೇಲೆ ಉಳಿದ ಹತ್ತರಲ್ಲಿ ಏಳು ಗೆಲ್ಲಬೇಕು. ಏಳು ಯಾವುದು, ಲೆಕ್ಕ ಹಾಕಿ ಹೇಳಿ ನೋಡುವ. ನನಗೆ ಐದರ ಮೇಲೆ ಸಿಕ್ಕುವುದಿಲ್ಲ. ಲಿಯೊನಾರ್ಡ್ 115-113.

ಹುಬ್ಬಳ್ಳಿ_ಹುಕ್

ಆ ಎರಡು ಸುತ್ತು ಲಿಯೊನಾರ್ಡ್‌ಗೆ ಅಂತ ನಾನೂ ಒಪ್ಪತೀನ್ರಿ. ಆದ್ರ ಆಮ್ಯಾಲಿಂದೇನು? ಚಾಂಪಿಯನ್ ಹತ್ರ ಪಟ್ಟ ಕಸಗೋಬೇಕಂದ್ರ ಅಂವನ್ನ ಹೊಡದು ಕಸಗೋಬೇಕು. ಓಡಿ ಓಡಿ, ಅಪ್ಪಿ ಹಿಡದು, ಗಂಟಿ ಹೊಡಿಯೂಕಿಂತ ಮೊದ್ಲ ಪಟಪಟ ಅಂತ ನಾಕು ಗುದ್ದು ಹಾಕಿ ಪಟ್ಟ ಒಯ್ಯೂದು ಎಲ್ಲಿ ನ್ಯಾಯ? ನಮ್ಮ ಕುಸ್ತಿ ಅಖಾಡದಾಗ ಹಿಂಗ ಆಗೂದಿಲ್ಲ. ಬೆನ್ನು ಮಣ್ಣಿಗೆ ಹತ್ತಿತಂದ್ರ ಚಿತ್, ಊರ ಮಂದಿಯೆಲ್ಲಾ ಕಂಡಿರತದ, ಮ್ಯಾಲ ಯಾರೂ ಕೂತು ಬರಕೊಳ್ಳೂದು ಬ್ಯಾಡ.

ಹ್ಯಾಗ್ಲರ್ ಯಾರ್ ಯಾರ್ನ ಹೊಡದಾನ ನೆನಪಿಸ್ಕೋರಿ. 1980ದಾಗ ಲಂಡನ್ನಿಗೇ ಹೋಗಿ ವೆಂಬ್ಲಿಯೊಳಗ ಅಲನ್ ಮಿಂಟರ್‌ನ ಮೂರ ಸುತ್ತಿನಾಗ ಮುಗಿಸಿದ. ಅಲ್ಲಿ ಮಂದಿ ಬಾಟ್ಲಿ ಎಸದ್ರು, ಗೆದ್ದ ಪಟ್ಟ ಸೊಂಟಕ್ಕ ಕಟ್ಟಿಕೊಳ್ಳಾಕೂ ಬಿಡಲಿಲ್ಲ. 1985ರಾಗ ಥಾಮಸ್ ಹರ್ನ್ಸ್ ಜೋಡಿ ಮೂರ ಸುತ್ತು, ಅಂಥಾ ಸುತ್ತು ಮತ್ತ ಯಾರೂ ಆಡಿಲ್ಲ. ಇಂಥಾ ಮನಶ್ಯಾಗ ಬರೀ ಎರಡು ಸುತ್ತು? ನನಗ ಸಿಟ್ಟು ಬರೂದು ಅಲ್ಲಿ.

ಹತ್ತಂಕ

ಭಾವನೆ ಅರ್ಥ ಆಗುತ್ತೆ, ಆದರೆ "ಚಾಂಪಿಯನ್ನಿಂದ ಕಿತ್ತುಕೊಳ್ಳಬೇಕು" ಅನ್ನೋದು ನಿಯಮದಲ್ಲಿ ಎಲ್ಲೂ ಇಲ್ಲ. ಪ್ರತಿ ಸುತ್ತೂ ಸೊನ್ನೆಯಿಂದ ಶುರು. ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು, ಬಿದ್ದರೆ ಅಥವಾ ತೀರಾ ಏಕಪಕ್ಷೀಯ ಆದರೆ ಎಂಟು. ಜಡ್ಜ್ ನೋಡೋದು ನಾಲ್ಕು: ಶುದ್ಧವಾಗಿ ತಾಗಿದ ಗುದ್ದು, ಫಲ ಕೊಟ್ಟ ಆಕ್ರಮಣ, ರಿಂಗಿನ ಮೇಲಿನ ಹಿಡಿತ, ರಕ್ಷಣೆ. ಎರಡನೆಯದರಲ್ಲಿ "ಫಲ ಕೊಟ್ಟ" ಅನ್ನೋದಕ್ಕೆ ಒತ್ತು ಕೊಡಿ. ಮುಂದೆ ನಡೆದುಕೊಂಡು ಬಂದಿದ್ದಕ್ಕೆ ಅಂಕ ಇಲ್ಲ, ಬಂದು ಹೊಡೆದಿದ್ದಕ್ಕೆ ಇದೆ.

ರಿಂಗ್ ಪಕ್ಕ ಕೂತು ಗುದ್ದು ಎಣಿಸಿದವರ ಲೆಕ್ಕ ಹೀಗಿದೆ. ಲಿಯೊನಾರ್ಡ್ ಬೀಸಿದ್ದು 629, ತಾಗಿದ್ದು 306. ಹ್ಯಾಗ್ಲರ್ ಬೀಸಿದ್ದು 792, ತಾಗಿದ್ದು 291. ನಮ್ಮ ಕಣ್ಣಿಗೆ ಹ್ಯಾಗ್ಲರ್ ಕೆಲಸ ಮಾಡುತ್ತಿದ್ದ ಹಾಗೆ ಕಾಣೋದು ಆ 792ರಿಂದ. ಅದರಲ್ಲಿ ಐನೂರು ಗುದ್ದು ಗಾಳಿಗೋ ಕೈಗೋ ಹೋಗಿವೆ. ಈ ಎಣಿಕೆ ಗುದ್ದಿನ ತೂಕ ಹೇಳಲ್ಲ, ಸರಿ. ತೂಕದಲ್ಲಿ ಹ್ಯಾಗ್ಲರ್ ಮುಂದೆ ಅಂತ ನಾನೂ ಹೇಳ್ತೀನಿ. ಆದರೆ "ಲಿಯೊನಾರ್ಡ್ ಬರೀ ಓಡಿದ" ಅನ್ನೋ ಮಾತು ಈ ಸಂಖ್ಯೆಯ ಮುಂದೆ ನಿಲ್ಲಲ್ಲ.

ಇನ್ನು ಸುತ್ತಿನ ಕೊನೆಯ ಅರ್ಧ ನಿಮಿಷ. ಲಿಯೊನಾರ್ಡ್ ಕಾರ್ನರ್‌ನಲ್ಲಿದ್ದ ಅವನ ಕಡೆಯವರು ಸಮಯ ಕೂಗಿ ಹೇಳ್ತಿದ್ದರು, ಅವನು ಆಗ ಎರಡೂ ಕೈ ಬಿಚ್ಚಿ ಸುರಿಮಳೆ ಮಾಡ್ತಿದ್ದ. ಜಡ್ಜ್ ಪೆನ್ನು ಎತ್ತೋ ಹೊತ್ತಿಗೆ ಕಣ್ಣಲ್ಲಿ ಉಳಿಯೋದು ಅದೇ ಚಿತ್ರ. ಮೂರು ನಿಮಿಷವನ್ನು ಮೂರು ನಿಮಿಷವಾಗಿಯೇ ತೂಗಬೇಕಾದ್ದು ಜಡ್ಜ್ ಕೆಲಸ. ಇಲ್ಲಿ ನಾನು ಹ್ಯಾಗ್ಲರ್ ಪರ ಇರೋರ ಜೊತೆ ಇದ್ದೀನಿ. ಎರಡು ನಿಮಿಷ ಹ್ಯಾಗ್ಲರ್ ಕೈ ಮೇಲಾಗಿದ್ದು, ಕೊನೆಯ ಇಪ್ಪತ್ತು ಸೆಕೆಂಡಿನ ಸದ್ದಿಗೆ ಲಿಯೊನಾರ್ಡ್‌ಗೆ ಹೋದ ಸುತ್ತು ಒಂದೆರಡಾದರೂ ಇವೆ.

ಹೊಸ_ವೀಕ್ಷಕಿ

ಬಾಕ್ಸಿಂಗ್ ನೋಡೋಕೆ ಶುರು ಮಾಡಿದ್ದು ಇತ್ತೀಚೆಗೆ, ಒಂದು ಪ್ರಶ್ನೆ ಕೇಳಬಹುದಾ? ಟೋಕಿಯೊ ಒಲಿಂಪಿಕ್ಸಲ್ಲಿ ಮೇರಿ ಕೋಮ್ ಕೊಲಂಬಿಯಾದ ಇಂಗ್ರಿಟ್ ವಲೆನ್ಸಿಯಾ ಹತ್ರ 3-2ರಲ್ಲಿ ಸೋತರಲ್ಲ, ಆವತ್ತು ಮೂರು ಸುತ್ತಲ್ಲಿ ಎರಡು ಮೇರಿಗೇ ಹೋಗಿತ್ತು ಅಂತ ಎಲ್ಲ ಕಡೆ ಬಂದಿತ್ತು. ಎರಡು ಗೆದ್ದು ಹೇಗೆ ಸೋಲೋದು ಅಂತ ಇವತ್ತಿಗೂ ನನಗೆ ಅರ್ಥ ಆಗಿಲ್ಲ. ಇದೂ ಅದೇ ಥರದ್ದಾ?

ಹತ್ತಂಕ

ಒಳ್ಳೆ ಪ್ರಶ್ನೆ. ಅದು ಅಮೆಚೂರ್, ಐದು ಜಡ್ಜ್, ಮೂರು ಸುತ್ತು. ಇದು ವೃತ್ತಿಪರ, ಮೂರು ಜಡ್ಜ್, ಹನ್ನೆರಡು ಸುತ್ತು. ಗಣಿತ ಮಾತ್ರ ಒಂದೇ. ಸುತ್ತು ಯಾರದು ಅಂತ ಜಡ್ಜ್‌ಗಳು ಒಟ್ಟಿಗೆ ಕೂತು ತೀರ್ಮಾನ ಮಾಡಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಕಾರ್ಡು ಬರೆದು ಕೊನೆಗೆ ಕೂಡುತ್ತಾರೆ. ಮೇರಿ ಮೊದಲ ಸುತ್ತನ್ನು ಐವರಲ್ಲಿ ನಾಲ್ವರ ಕಾರ್ಡಲ್ಲಿ ಕಳೆದುಕೊಂಡರು. ಆಮೇಲಿನ ಎರಡು ಸುತ್ತಲ್ಲೂ ಐವರಲ್ಲಿ ಮೂವರು ಮೇರಿ ಕಡೆ. ಆದರೆ ಎರಡು ಸಲವೂ ಅದೇ ಮೂವರಲ್ಲ. ಅದಕ್ಕೇ ಸುತ್ತು ಸುತ್ತಾಗಿ ನೋಡಿದರೆ ಮೇರಿ ಮುಂದೆ, ಕಾರ್ಡು ಕಾರ್ಡಾಗಿ ಕೂಡಿದರೆ ಇಬ್ಬರು ಮಾತ್ರ ಮೇರಿಗೆ.

ಈಗ 1987ಕ್ಕೆ ಬನ್ನಿ. ಮೊರೆಟಿ ಕಾರ್ಡು 115-113. ಅವರು ಬೇರೆ ಯಾವುದೋ ಒಂದೇ ಸುತ್ತನ್ನು ಹ್ಯಾಗ್ಲರ್‌ಗೆ ಬರೆದಿದ್ದರೆ 114-114. ಆಗ ಒಂದು ಕಾರ್ಡು ಹ್ಯಾಗ್ಲರ್‌ಗೆ, ಒಂದು ಲಿಯೊನಾರ್ಡ್‌ಗೆ, ಒಂದು ಸಮ. ಪಂದ್ಯ ಡ್ರಾ, ಪಟ್ಟ ಹ್ಯಾಗ್ಲರ್ ಹತ್ರವೇ. ಗೆರಾ 118 ಬರೆದಿದ್ದರೂ ಅಷ್ಟೇ, 115 ಬರೆದಿದ್ದರೂ ಅಷ್ಟೇ. ಕಾರ್ಡು ಎಷ್ಟೇ ವಿಪರೀತ ಇರಲಿ, ಅದಕ್ಕೆ ಇರೋದು ಒಂದೇ ಓಟು.

ಇನ್ನೊಂದು. ಸ್ಟೀಲ್ ತಬ್ಬಿ ಹಿಡಿದಿದ್ದಕ್ಕೆ ಒಂದು ಅಂಕ ಕಳೆದಿದ್ದರೂ ಮೊರೆಟಿ ಕಾರ್ಡು 114-113 ಆಗಿ ಲಿಯೊನಾರ್ಡ್ ಗೆಲ್ಲುತ್ತಿದ್ದ. ಎರಡು ಕಳೆದಿದ್ದರೆ ಸಮ. ಹಾಗಾಗಿ ಈ ಪಂದ್ಯದ ತಕರಾರಿನ ಜಾಗ ಮೊರೆಟಿ ಕಾರ್ಡಿನ ಒಂದು ಸುತ್ತು.

ಸೌತ್‌ಪಾ_ಶಿವಮೊಗ್ಗ

ಗಣಿತ ಒಪ್ಪಿದೆ, ತೀರ್ಮಾನ ಒಪ್ಪಲ್ಲ. ಗೆರಾ ಕಾರ್ಡಿಗೆ ಒಂದೇ ಓಟು ಅಂತ ಕೈ ತೊಳೆದುಕೊಳ್ಳೋಕೆ ಆಗಲ್ಲ, ಯಾಕೆಂದರೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿರಬೇಕಿತ್ತು. ಇಂಗ್ಲೆಂಡಿನ ಹ್ಯಾರಿ ಗಿಬ್ಸ್ ಬರೋದಿತ್ತು. ಬ್ರಿಟಿಷ್ ಜಡ್ಜ್ ಬೇಡ ಅಂತ ಆಕ್ಷೇಪ ಎತ್ತಿದ್ದು ಹ್ಯಾಗ್ಲರ್ ಕಡೆಯವರೇ. ಅವರ ಬದಲು ಮೆಕ್ಸಿಕೋದ ಗೆರಾ ಬಂದರು. ಗಿಬ್ಸ್ ಮನೆಯಲ್ಲಿ ಟೀವಿಯಲ್ಲಿ ನೋಡಿ ಪಂದ್ಯ ಹ್ಯಾಗ್ಲರ್‌ದು ಅಂದರು. ಅದೇ ಕಾರ್ಡು ರಿಂಗ್ ಪಕ್ಕ ಬಂದಿದ್ದರೆ ಎರಡು-ಒಂದರಲ್ಲಿ ಹ್ಯಾಗ್ಲರ್. ಒಂದು ಕುರ್ಚಿ ಬದಲಾಗಿದ್ದಕ್ಕೆ ಚಾಂಪಿಯನ್ ಬದಲಾದ.

ಕುಡ್ಲ_ಕಾರ್ನರ್

ಗಿಬ್ಸ್ ಅವರ ಮಾತನ್ನು ಅಷ್ಟು ದೊಡ್ಡ ಸಾಕ್ಷಿ ಮಾಡಬೇಡಿ. 1971ರಲ್ಲಿ ವೆಂಬ್ಲಿಯಲ್ಲಿ ಹೆನ್ರಿ ಕೂಪರ್–ಜೋ ಬಗ್ನರ್ ಪಂದ್ಯಕ್ಕೆ ರೆಫರಿಯೂ ಅವರೇ, ಅಂಕ ಕೊಡುವವರೂ ಅವರೊಬ್ಬರೇ. ಕಾಲು ಅಂಕದಲ್ಲಿ ಬಗ್ನರ್‌ಗೆ ಕೊಟ್ಟರು. ಇಂಗ್ಲೆಂಡಿನಲ್ಲಿ ಅದರ ಜಗಳ ದಶಕಗಟ್ಟಲೆ ಮುಗಿಯಲಿಲ್ಲ. ಟೀವಿಯಲ್ಲಿ ನೋಡಿ ಹೇಳಿದ ಅಂಕ ಬೇರೆ, ರಿಂಗ್ ಪಕ್ಕದ ಕುರ್ಚಿಯಿಂದ ಬರೆದ ಅಂಕ ಬೇರೆ. ಟೀವಿಯವರು ಕ್ಯಾಮೆರಾ ಬದಲಾಯಿಸುತ್ತಾ ಇರುತ್ತಾರೆ, ಕಾಮೆಂಟ್ರಿ ಕಿವಿಯಲ್ಲಿ ಬೀಳುತ್ತಾ ಇರುತ್ತದೆ. ಜಡ್ಜ್‌ಗೆ ಸಿಕ್ಕುವುದು ಒಂದೇ ಕಡೆಯ ನೋಟ.

ರಿಂಗ್‌ಸೈಡ್_ರಾಯಚೂರು

ಒಂದೇ ಕಡೆಯ ನೋಟ ಅಂದಿದ್ದಕ್ಕೆ ಲೆನಾಕ್ಸ್ ಲೂಯಿಸ್–ಇವಾಂಡರ್ ಹೋಲಿಫೀಲ್ಡ್ ನೆನಪಾಯಿತು. 1999ರ ಮಾರ್ಚ್ 13, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಲೂಯಿಸ್‌ನ 348 ಗುದ್ದು ತಾಗಿವೆ, ಹೋಲಿಫೀಲ್ಡ್‌ದು 130. ಆದರೂ ಪಂದ್ಯ ಡ್ರಾ! ಯೂಜೀನಿಯಾ ವಿಲಿಯಮ್ಸ್ ಹೋಲಿಫೀಲ್ಡ್‌ಗೆ 115-113 ಬರೆದಿದ್ದರು. ಐದನೇ ಸುತ್ತಲ್ಲಿ ಲೂಯಿಸ್ ಅವನನ್ನು ಹಗ್ಗಕ್ಕೆ ಒತ್ತಿ ಹೊಡೆದಿದ್ದ, ಆ ಸುತ್ತನ್ನೂ ಹೋಲಿಫೀಲ್ಡ್‌ಗೇ ಕೊಟ್ಟರು. ವಿಚಾರಣೆಯಲ್ಲಿ ಕೇಳಿದಾಗ, ಫೋಟೊಗ್ರಾಫರ್‌ಗಳು ಅಡ್ಡ ಇದ್ದರು ಅಂದರು. ಅದು ನಿಜಕ್ಕೂ ಅನ್ಯಾಯ. ನವೆಂಬರಿನ ಮರುಪಂದ್ಯದಲ್ಲಿ ಮೂವರೂ ಲೂಯಿಸ್‌ಗೆ ಕೊಟ್ಟು ಸ್ವಲ್ಪ ಸರಿಯಾಯಿತು.

ಆ ಪಂದ್ಯದ ಪಕ್ಕ ಇಟ್ಟು ನೋಡಿದರೆ ಹ್ಯಾಗ್ಲರ್–ಲಿಯೊನಾರ್ಡ್ "ಲೂಟಿ" ಅಲ್ಲ, ಹತ್ತಿರದ ಪಂದ್ಯ. ಎರಡಕ್ಕೂ ಒಂದೇ ಪದ ಬಳಸಿದರೆ ಲೂಯಿಸ್‌ಗೆ ಆದ ಅನ್ಯಾಯ ಸಣ್ಣದಾಗುತ್ತದೆ.

118-110ರ ವಿಷಯಕ್ಕೆ ಬಂದರೆ, 2017ರ ಸೆಪ್ಟೆಂಬರ್ 16ರ ಕನೆಲೊ–ಗೊಲೊವ್ಕಿನ್ ಮೊದಲ ಪಂದ್ಯ ಯಾರಿಗಾದರೂ ನೆನಪಿದೆಯಾ? ಅದೂ ಲಾಸ್ ವೇಗಸ್, ಅದೂ ಮಿಡಲ್‌ವೇಟ್ ಪಟ್ಟ. ಅಡಲೇಡ್ ಬೈರ್ಡ್ ಕನೆಲೊಗೆ 118-110. ಡಾನ್ ಟ್ರೆಲ್ಲಾ 114-114. ಗೊಲೊವ್ಕಿನ್‌ಗೆ 115-113 ಬರೆದವರು ಯಾರು ಗೊತ್ತಾ? ಇದೇ ಡೇವ್ ಮೊರೆಟಿ, ಮೂವತ್ತು ವರ್ಷದ ಮೇಲೆ. ಅಲ್ಲೂ ಡ್ರಾ. ಪಂದ್ಯ ನೋಡಿದವರಲ್ಲಿ ಹೆಚ್ಚಿನವರು ಗೊಲೊವ್ಕಿನ್ ಗೆದ್ದ ಅಂದರು. ಬೈರ್ಡ್‌ಗೆ ಸ್ವಲ್ಪ ಕಾಲ ದೊಡ್ಡ ಪಂದ್ಯ ಕೊಡಲ್ಲ ಅಂತ ಅಲ್ಲಿ ಬಾಕ್ಸಿಂಗ್ ನೋಡಿಕೊಳ್ಳುವ ನೆವಾಡ ಕಮಿಷನ್ನಿನವರು ಹೇಳಬೇಕಾಯಿತು. ಮೊರೆಟಿಯವರ ಎರಡೂ ಕಾರ್ಡು ನನಗೆ ಪ್ರಾಮಾಣಿಕ ಕಾರ್ಡು ಅನ್ನಿಸುತ್ತವೆ. ಎರಡು ಸಲವೂ ಅವರು ನೋಡಿದ್ದು ಹತ್ತಿರದ ಪಂದ್ಯವನ್ನೇ.

ಹುಬ್ಬಳ್ಳಿ_ಹುಕ್

ಲೂಯಿಸ್ ಮ್ಯಾಚಿಗೂ ಇದಕ್ಕೂ ಹೋಲಿಕಿ ಮಾಡಬ್ಯಾಡ್ರಿ. ಅಲ್ಲಿ ಇಬ್ರೂ ಸಮಾ ನಿಯಮದಾಗ ಆಡಿದ್ರು. ಇಲ್ಲಿ ಒಪ್ಪಂದ ಮಾಡೂಮುಂದನ ಲಿಯೊನಾರ್ಡ್ ತನಗ ಬೇಕಾದ್ದೆಲ್ಲಾ ಬರಸ್ಕೊಂಡ. ಇಪ್ಪತ್ತು ಅಡಿ ರಿಂಗು, ಓಡಾಡಾಕ ಜಾಗಾ ಬೇಕಲ್ಲ. ಹತ್ತು ಔನ್ಸಿನ ದಪ್ಪ ಗ್ಲೌಸು, ಹ್ಯಾಗ್ಲರ್ ಗುದ್ದಿನ ಬಿರುಸು ಕಡಿಮಿ ಆಗಲಿ ಅಂತ. ಹದಿನೈದು ಬ್ಯಾಡ, ಹನ್ನೆರಡ ಸುತ್ತು. ಹದಿನೈದು ಇದ್ದಿದ್ರ ಲಿಯೊನಾರ್ಡ್ ನಿಂದರತಿದ್ನಾ? ಹನ್ನೊಂದು, ಹನ್ನೆರಡನೇ ಸುತ್ತಿನಾಗ ಅಂವನ ಮಾರಿ ನೋಡ್ರಿ, ಉಸಿರು ಉಳದಿರಲಿಲ್ಲ.

ಹ್ಯಾಗ್ಲರ್ ರೊಕ್ಕ ಹೆಚ್ಚಿಗೆ ತಗೊಂಡು ಇವೆಲ್ಲಾ ಬಿಟ್ಟುಕೊಟ್ಟ ಅಂತಾರ. ಇರಬಹುದು. ಅಂವಗ ಅಂವನ ಕೈ ಮ್ಯಾಲ ಅಷ್ಟು ನಂಬಿಕಿ ಇತ್ತು.

ಕುಡ್ಲ_ಕಾರ್ನರ್

ಗ್ಲೌಸು, ರಿಂಗು ಸರಿ. ಹನ್ನೆರಡು ಸುತ್ತಿನ ಕತೆ ಮಾತ್ರ ಪೂರ್ತಿ ಹಾಗಲ್ಲ. 1982ರ ನವೆಂಬರಿನಲ್ಲಿ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಕಿಮ್ ದುಕ್-ಕೂ ಕೆಲವೇ ದಿನಗಳಲ್ಲಿ ತೀರಿಕೊಂಡ. ಅದಾದ ಮೇಲೆ ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯುಬಿಸಿ ತನ್ನ ಪಟ್ಟದ ಪಂದ್ಯಗಳನ್ನು ಹನ್ನೆರಡಕ್ಕೆ ಇಳಿಸಿತು. ಹ್ಯಾಗ್ಲರ್–ಹರ್ನ್ಸ್ ಗೊತ್ತು ಮಾಡಿದ್ದೂ ಹನ್ನೆರಡಕ್ಕೇ, 1986ರ ಜಾನ್ ಮುಗಾಬಿ ಪಂದ್ಯವೂ ಹನ್ನೆರಡಕ್ಕೇ. ಹ್ಯಾಗ್ಲರ್‌ಗೆ ಹನ್ನೆರಡು ಹೊಸತಲ್ಲ. ಲಿಯೊನಾರ್ಡ್ ಜತೆ ಆಡಲು ಹೋದದ್ದಕ್ಕೆ ಅಂಥದೇ ಇನ್ನೊಂದು ಸಂಸ್ಥೆ ಡಬ್ಲ್ಯುಬಿಎ ಅವನ ಪಟ್ಟ ಕಿತ್ತುಕೊಂಡಿತ್ತು. ಆವತ್ತು ಪಣಕ್ಕಿದ್ದದ್ದು ಡಬ್ಲ್ಯುಬಿಸಿ ಪಟ್ಟ, ಅಲ್ಲಿ ಹನ್ನೆರಡೇ ನಿಯಮ. ಒಬ್ಬ ಹುಡುಗನ ಪ್ರಾಣ ಹೋಗಿ ಬಂದ ನಿಯಮ ಅದು. ಅದನ್ನು ಲಿಯೊನಾರ್ಡ್‌ನ ಕುತಂತ್ರ ಅಂತ ಬರೆದರೆ ನನಗೆ ಸರಿ ಕಾಣುವುದಿಲ್ಲ.

ಮುಗಾಬಿ ಹೆಸರು ಬಂದ ಮೇಲೆ ಹೇಳಲೇಬೇಕು. ಆ ಪಂದ್ಯವನ್ನು ರಿಂಗ್ ಪಕ್ಕ ಕೂತು ನೋಡಿದ ಲಿಯೊನಾರ್ಡ್‌ಗೆ ಹ್ಯಾಗ್ಲರ್ ನಿಧಾನವಾಗಿದ್ದಾನೆ ಅಂತ ಗೊತ್ತಾಗಿ ಹೋಯಿತು. ಹನ್ನೊಂದನೇ ಸುತ್ತಿನಲ್ಲಿ ಹ್ಯಾಗ್ಲರ್ ಮುಗಾಬಿಯನ್ನು ಮಲಗಿಸಿದ, ಆದರೆ ಅಲ್ಲಿಯವರೆಗೆ ತಿಂದ ಹೊಡೆತ ಕಮ್ಮಿಯಲ್ಲ. ಬೇರೆಯವರಿಗೆ ಕಂಡದ್ದು ಹ್ಯಾಗ್ಲರ್‌ನ ಗೆಲುವು, ಲಿಯೊನಾರ್ಡ್‌ಗೆ ಕಂಡದ್ದು ಅವನ ಕಾಲು. ಬುದ್ಧಿಗೂ ಬಾಕ್ಸಿಂಗ್‌ನಲ್ಲಿ ಸ್ಥಾನ ಉಂಟಲ್ಲ?

ಮೈಸೂರು_ಜ್ಯಾಬ್

ಎಲ್ಲರೂ ಅಂಕದ ಬಗ್ಗೆ ಮಾತಾಡ್ತಿದ್ದೀರಿ, ಒಂಬತ್ತನೇ ಸುತ್ತಿನ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ನನಗೆ ಈ ಪಂದ್ಯ ಅಂದರೆ ಆ ಸುತ್ತೇ.

ಅಷ್ಟು ಹೊತ್ತಿಗೆ ಲಿಯೊನಾರ್ಡ್ ಕಾಲು ಸೋತಿತ್ತು. ಹ್ಯಾಗ್ಲರ್ ಅವನನ್ನು ಮೂಲೆಗೆ ಕೂಡಿಹಾಕಿ ಎರಡೂ ಕೈಯಲ್ಲಿ ಶುರು ಮಾಡಿದ. ಆರೂವರೆ ವರ್ಷ ಎದುರಿಗೆ ನಿಂತವರಲ್ಲಿ ಹೆಚ್ಚಿನವರು ಅಂಥ ಜಾಗದಲ್ಲೇ ಮುಗಿದಿದ್ದರು. ಲಿಯೊನಾರ್ಡ್ ಮುಗಿಯಲಿಲ್ಲ. ತಿಂದ, ತಲೆ ಆಡಿಸಿದ, ಹ್ಯಾಗ್ಲರ್ ಉಸಿರು ತೆಗೆದುಕೊಂಡ ಕ್ಷಣದಲ್ಲಿ ಐದಾರು ವಾಪಸ್ ಕೊಟ್ಟ. ಮತ್ತೆ ಮೂಲೆ, ಮತ್ತೆ ಅದೇ. ಕಣ್ಣಿಗೆ ಆಪರೇಷನ್ ಆದ ಮನುಷ್ಯ ಅಲ್ಲಿ ನಿಂತು ಗುದ್ದಾಡೋಕೆ ಒಪ್ಪಿಕೊಂಡನಲ್ಲ ಅಂತ ನೋಡ್ತಾ ನೋಡ್ತಾ ಮೈ ಜುಮ್ಮೆನ್ನುತ್ತೆ. ಆ ಸುತ್ತನ್ನು ನಾನು ಹ್ಯಾಗ್ಲರ್‌ಗೇ ಕೊಡ್ತೀನಿ, ಗುದ್ದಿನ ತೂಕ ಅವನದು. ಆದರೆ ಜನ ಕೂಗಿದ್ದು ಲಿಯೊನಾರ್ಡ್‌ಗೆ. ಅವನು ಹೊಡೆದಾಗಲೆಲ್ಲ ಇಡೀ ಬಯಲು ಎದ್ದು ನಿಲ್ತಿತ್ತು, ಹ್ಯಾಗ್ಲರ್ ಹೊಡೆದಾಗ ಆ ಸದ್ದು ಇಲ್ಲ. ಜನರ ನಿರೀಕ್ಷೆಯೇ ಹಾಗಿತ್ತು. ಹ್ಯಾಗ್ಲರ್ ಹೊಡೆಯೋದು ಗೊತ್ತಿದ್ದ ವಿಷಯ. ಲಿಯೊನಾರ್ಡ್ ಇನ್ನೂ ನಿಂತಿದ್ದಾನೆ ಅನ್ನೋದೇ ಸುದ್ದಿ.

ಗೆರಾ ಕಾರ್ಡಿನ ಮೂಲ ಇದು ಅಂತ ನನ್ನ ಊಹೆ. ದುಡ್ಡು, ಒಳಸಂಚು ಅಂತೆಲ್ಲ ಹೇಳೋಕೆ ಕೈಯಲ್ಲಿ ಏನೂ ಆಧಾರ ಇಲ್ಲ, ಅದನ್ನು ನಾನು ಹೇಳೋದೂ ಇಲ್ಲ. ಎರಡು ಸುತ್ತಿನಲ್ಲಿ ಸೋಲ್ತಾನೆ ಅಂದುಕೊಂಡಿದ್ದವನು ಹನ್ನೆರಡು ಸುತ್ತೂ ನಿಂತು ವಾಪಸ್ ಹೊಡೆದಾಗ, ಆ ಬೆರಗಿಗೇ ಅಂಕ ಬಿದ್ದುಬಿಡುತ್ತೆ. ಸದ್ದು ಬಂದ್ ಮಾಡಿ ನೋಡಿ ಒಂದು ಸಲ. ಆರು, ಏಳು, ಎಂಟನೇ ಸುತ್ತು ಬೇರೆಯೇ ಕಾಣುತ್ತೆ. ನನ್ನದು ಸದ್ದಿಲ್ಲದ ಕಾರ್ಡು, 114-114.

ಸೌತ್‌ಪಾ_ಶಿವಮೊಗ್ಗ

ಮೈಸೂರು_ಜ್ಯಾಬ್ ಹೇಳಿದ ಆ ಬೆರಗಿನ ಮಾತು ಸರಿಯಾದ ಜಾಗಕ್ಕೆ ಬಡಿಯಿತು. ಹ್ಯಾಗ್ಲರ್ ವಿಷಯದಲ್ಲಿ ಅದು ಮೊದಲ ಸಲವೂ ಅಲ್ಲ. 1979ರ ನವೆಂಬರ್ 30, ಇದೇ ಸೀಸರ್ಸ್ ಪ್ಯಾಲೇಸ್. ವೀಟೊ ಆಂಟುವೊಫೆರ್ಮೊ ವಿರುದ್ಧ ಮೊದಲ ಪಟ್ಟದ ಪಂದ್ಯ. ಹದಿನೈದು ಸುತ್ತು, ಬಹುಪಾಲು ಹ್ಯಾಗ್ಲರ್ ಮುಂದೆ. ತೀರ್ಪು ಡ್ರಾ, ಪಟ್ಟ ಆಂಟುವೊಫೆರ್ಮೊ ಹತ್ರವೇ ಉಳೀತು. ಅದೇ ರಾತ್ರಿ, ಅದೇ ಜಾಗದಲ್ಲಿ ಇನ್ನೊಬ್ಬ ತನ್ನ ಮೊದಲ ವಿಶ್ವ ಪಟ್ಟ ಗೆದ್ದ. ವಿಲ್ಫ್ರೆಡ್ ಬೆನಿಟೆಜ್‌ನನ್ನು ಸೋಲಿಸಿದ ಶುಗರ್ ರೇ ಲಿಯೊನಾರ್ಡ್. ಮಾಂಟ್ರಿಯಲ್ ಒಲಿಂಪಿಕ್ಸ್ ಚಿನ್ನ, ಟೀವಿ, ಜಾಹೀರಾತು ಎಲ್ಲ ಅವನ ಹಿಂದೆ. ಹ್ಯಾಗ್ಲರ್ ಬ್ರಾಕ್‌ಟನ್ ಊರಲ್ಲಿ ಪೆಟ್ರೊನೆಲ್ಲಿ ಅಣ್ಣತಮ್ಮಂದಿರ ಜಿಮ್ಮಿನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಮೇಲೆ ಬಂದವನು. "ಮಾರ್ವೆಲಸ್" ಅಂತ ನಿರೂಪಕರು ಕೂಗಲಿಲ್ಲ ಅಂತ 1982ರಲ್ಲಿ ಕೋರ್ಟಿಗೆ ಹೋಗಿ ಅದನ್ನೇ ಕಾನೂನಿನ ಹೆಸರು ಮಾಡಿಕೊಂಡ. ಅಷ್ಟು ಮಾಡಿದರೆ ಮಾತ್ರ ಜನ ಗುರುತಿಸೋದು ಅನ್ನೋ ಸ್ಥಿತಿ ಅವನದು.

ಅದಕ್ಕೇ ಆ 118-110 ನನಗೆ ಚುಚ್ಚೋದು. ಹತ್ತಂಕ ಹೇಳಿದ ಹಾಗೆ ಫಲಿತಾಂಶಕ್ಕೆ ಅದು ಬೇಕಾಗಿರಲಿಲ್ಲ. ಆದರೆ ಆ ಮನುಷ್ಯನ ಹದಿನಾಲ್ಕು ವರ್ಷದ ವೃತ್ತಿಯ ಕೊನೇ ಸಾಲು ಅದು. ನೀನು ಹನ್ನೆರಡರಲ್ಲಿ ಎರಡು ಗೆದ್ದೆ ಅಂತ ಬರೆದು ಕೈಗೆ ಕೊಟ್ಟರು. ಹತ್ತಿರದಲ್ಲಿ ಸೋತವನನ್ನು ಹೀನಾಯವಾಗಿ ಸೋತವನ ಹಾಗೆ ದಾಖಲೆಗೆ ಸೇರಿಸೋದೂ ಅನ್ಯಾಯವೇ.

ಹೊಸ_ವೀಕ್ಷಕಿ

ಮರುಪಂದ್ಯ ಆಗಲೇ ಇಲ್ವಾ? ಲೂಯಿಸ್, ಕನೆಲೊ ಎಲ್ಲರಿಗೂ ಸಿಕ್ಕಿತಲ್ಲ.

ಕುಡ್ಲ_ಕಾರ್ನರ್

ಆಗಲಿಲ್ಲ. ಹ್ಯಾಗ್ಲರ್ ಕೇಳಿದ, ಲಿಯೊನಾರ್ಡ್ ಪಟ್ಟ ಬಿಟ್ಟುಕೊಟ್ಟು ಮತ್ತೆ ನಿವೃತ್ತಿ ಅಂದ. ಹ್ಯಾಗ್ಲರ್ ಕಾದು ಕಾದು 1988ರಲ್ಲಿ ತಾನೂ ನಿವೃತ್ತಿಯಾದ. ಅದೇ ವರ್ಷದ ಕೊನೆಗೆ ಲಿಯೊನಾರ್ಡ್ ಡಾನಿ ಲಲಾಂಡ್ ವಿರುದ್ಧ ಮತ್ತೆ ರಿಂಗಿಗೆ ಬಂದ. ಈ ಒಂದು ವಿಷಯದಲ್ಲಿ ನಾನು ಲಿಯೊನಾರ್ಡ್ ಪರ ಒಂದು ಮಾತೂ ಆಡುವುದಿಲ್ಲ. ಒಂದು ಸುತ್ತಿನ ಅಂತರದಲ್ಲಿ ಪಟ್ಟ ಕಳೆದುಕೊಂಡವನಿಗೆ ಇನ್ನೊಂದು ಅವಕಾಶ ಕೊಡಲೇಬೇಕಿತ್ತು. ಆಮೇಲೆ 1990ರ ಹೊತ್ತಿಗೆ ಅವನೇ ಕರೆದಾಗ ಹ್ಯಾಗ್ಲರ್ ಇಟಲಿಯಲ್ಲಿ ನೆಲೆಸಿ ಸಿನಿಮಾದಲ್ಲಿ ನಟಿಸುತ್ತಿದ್ದ, ಬರಲಿಲ್ಲ.

ಆದರೆ ಒಂದು ವಿಷಯ ತೂಗಿ ನೋಡಿ. 1989ರಲ್ಲಿ ಲಿಯೊನಾರ್ಡ್–ಹರ್ನ್ಸ್ ಎರಡನೇ ಪಂದ್ಯ. ಲಿಯೊನಾರ್ಡ್ ಎರಡು ಸಲ ಕೆಳಗೆ ಬಿದ್ದ, ತೀರ್ಪು ಡ್ರಾ ಬಂತು. ಅದು ಹರ್ನ್ಸ್ ಗೆದ್ದ ಪಂದ್ಯ ಅಂತ ಲಿಯೊನಾರ್ಡ್ ಆಮೇಲೆ ಬಹಿರಂಗವಾಗಿಯೇ ಹೇಳಿದ. ತನಗೆ ಪುಕ್ಕಟೆ ಸಿಕ್ಕಿದ್ದನ್ನು ಒಪ್ಪಿಕೊಳ್ಳುವ ಎದೆಗಾರಿಕೆ ಅವನಿಗಿತ್ತು. ಹ್ಯಾಗ್ಲರ್ ಪಂದ್ಯದ ಬಗ್ಗೆ ಮಾತ್ರ ತಾನೇ ಗೆದ್ದದ್ದು ಅನ್ನುತ್ತಾ ಬಂದಿದ್ದಾನೆ. ನನಗೆ ಅದು ಗಿಬ್ಸ್ ಕಾರ್ಡಿಗಿಂತ ದೊಡ್ಡ ಸಾಕ್ಷಿ.

ಹುಬ್ಬಳ್ಳಿ_ಹುಕ್

ಸಾಕ್ಷಿ ಅಂದ್ರ ಹ್ಯಾಗ್ಲರ್‌ದೂ ಕೇಳಬೇಕಲ್ರಿ. ಪಂದ್ಯ ಮುಗದ ಮ್ಯಾಲ ನೀನ ಗೆದ್ದಿ ಅಂತ ಲಿಯೊನಾರ್ಡ್ ತನ್ನ ಕಿವ್ಯಾಗ ಹೇಳಿದ ಅಂತ ಅಂವ ಹೇಳತಿದ್ದ. ಲಿಯೊನಾರ್ಡ್ ಹಂಗ ಹೇಳಿಲ್ಲ ಅಂತಾನ. ಯಾರದು ಖರೆ ಅಂತ ನಾವು ಹ್ಯಾಂಗ ಹೇಳೂದು? ಹ್ಯಾಗ್ಲರ್ 2021ರ ಮಾರ್ಚಿನಾಗ ತೀರಕೊಂಡ. 67 ಪಂದ್ಯದಾಗ 62 ಗೆಲುವು, ಅದರಾಗ 52 ನಾಕೌಟ್. ಎರಡು ಡ್ರಾ, ಮೂರು ಸೋಲು. ಮೊದಲಿನ ಎರಡು ಸೋಲಿಗೂ ಅಂವ ಸೇಡು ತೀರಿಸ್ಕೊಂಡಿದ್ದ. ಇದೊಂದು ಉಳೀತು. ಹಠ ಇದ್ದ ಮನಶ್ಯಾ. ಬ್ಯಾರೇರು ನಿವೃತ್ತಿ ಆಗಿ ಮತ್ತ ಮತ್ತ ಬಂದು ಹೊಡಿಸ್ಕೊಂಡು ಹ್ವಾದ್ರು. ಇಂವ ಒಮ್ಮಿ ಬಿಟ್ಟವ ಮತ್ತ ಹಗ್ಗದೊಳಗ ಕಾಲಿಡಲಿಲ್ಲ. ಅದಕ್ಕ ನಾನು ಅಂವನ ಕಡೆ.

ರಿಂಗ್‌ಸೈಡ್_ರಾಯಚೂರು

ಇದಕ್ಕೆ ಪರಿಹಾರ ಏನಾದರೂ ಇದೆಯಾ ಅನ್ನೋದನ್ನೂ ಮಾತಾಡೋಣ. ನಾಲ್ಕನೇ, ಎಂಟನೇ ಸುತ್ತಿನ ಮೇಲೆ ಅಂಕ ಬಹಿರಂಗ ಮಾಡೋ ಪದ್ಧತಿ ಡಬ್ಲ್ಯುಬಿಸಿಯಲ್ಲಿ ಇದೆ, ಎಲ್ಲ ಕಡೆ ಬಳಸಲ್ಲ. 1987ರಲ್ಲಿ ಅದಿದ್ದಿದ್ದರೆ ನಾಲ್ಕು ಸುತ್ತಾದ ಮೇಲೆ ಹ್ಯಾಗ್ಲರ್‌ಗೆ ತಾನು ಹಿಂದಿದ್ದೀನಿ ಅಂತ ತಿಳೀತಿತ್ತು.

ಹತ್ತಂಕ

ತಿಳಿದರೆ ಲಿಯೊನಾರ್ಡ್‌ಗೂ ತಿಳಿಯುತ್ತೆ. ಎಂಟು ಸುತ್ತಾದ ಮೇಲೆ ಸಾಕಷ್ಟು ಮುಂದಿದ್ದೀನಿ ಅಂತ ಗೊತ್ತಾದರೆ ಅವನು ಒಂಬತ್ತನೇ ಸುತ್ತಲ್ಲಿ ಮೂಲೆಯಲ್ಲಿ ನಿಂತು ಗುದ್ದಾಡ್ತಿದ್ದನಾ? ಉಳಿದ ನಾಲ್ಕೂ ಸುತ್ತು ತಬ್ಬಿ ಕಳೀತಿದ್ದ. ಪಂದ್ಯವನ್ನೇ ಕೊಲ್ಲೋ ಔಷಧಿ ಅದು. ನನಗೆ ಬೇಕಾಗಿರೋದು ಬೇರೆ. ಪ್ರತಿ ಸುತ್ತನ್ನು ಯಾಕೆ ಹಾಗೆ ಬರೆದೆ ಅಂತ ಜಡ್ಜ್ ಪಂದ್ಯದ ಮರುದಿನ ಬರಹದಲ್ಲಿ ಕೊಡಬೇಕು, ಅದು ಎಲ್ಲರಿಗೂ ಓದೋಕೆ ಸಿಗಬೇಕು. 118-110 ಬರೆಯೋ ಹಕ್ಕು ಜಡ್ಜ್‌ಗೆ ಇದೆ. ಹತ್ತು ಸುತ್ತಿಗೆ ಹತ್ತು ಕಾರಣ ಕೊಡೋ ಹೊಣೆಯೂ ಇರಲಿ.

ಹೊಸ_ವೀಕ್ಷಕಿ

ಮೈಸೂರು_ಜ್ಯಾಬ್ ಹೇಳಿದ ಹಾಗೆ ಸದ್ದು ಬಂದ್ ಮಾಡಿ, ಪೇಪರಲ್ಲಿ ಬರೆದುಕೊಂಡು ನೋಡಿದೆ. ಮೊದಲ ನಾಲ್ಕರಲ್ಲಿ ಮೂರು ಲಿಯೊನಾರ್ಡ್, ಮೂರನೇದು ಹ್ಯಾಗ್ಲರ್. ಐದರಿಂದ ಒಂಬತ್ತರವರೆಗೆ ಏಳನೇದು ಬಿಟ್ಟು ಎಲ್ಲ ಹ್ಯಾಗ್ಲರ್. ಏಳನೇ ಸುತ್ತಿಗೆ ಎರಡು ಸಲ ಹಿಂದೆ ಹೋಗಿ ನೋಡಿದೆ, ಆ ಎಡಗೈ ಜ್ಯಾಬ್‌ಗಳಿಗಾಗಿ ಲಿಯೊನಾರ್ಡ್‌ಗೆ ಕೊಟ್ಟೆ. ಹತ್ತು, ಹನ್ನೆರಡು ಹ್ಯಾಗ್ಲರ್, ಹನ್ನೊಂದು ಲಿಯೊನಾರ್ಡ್. ಕೂಡಿದರೆ ಹ್ಯಾಗ್ಲರ್ 115-113. ನಾಲ್ಕು ಸುತ್ತನ್ನು ಯಾರಿಗೆ ಕೊಟ್ಟರೂ ನಡೆಯುತ್ತೆ ಅನ್ನಿಸಿತು. ಆ ನಾಲ್ಕನ್ನೂ ಲಿಯೊನಾರ್ಡ್‌ಗೇ ಕೊಟ್ಟು ನೋಡಿದೆ, ಆಗಲೂ ಹ್ಯಾಗ್ಲರ್‌ಗೆ ಎರಡಕ್ಕಿಂತ ಹೆಚ್ಚೇ ಉಳಿಯುತ್ತೆ.

ಹುಬ್ಬಳ್ಳಿ_ಹುಕ್

ತಂಗಿ, ಭಾಳ ಛಲೋ ಕಾರ್ಡ್ ಬರದೀರಿ.

ಕುಡ್ಲ_ಕಾರ್ನರ್

ಹನ್ನೆರಡನೆಯದು ಹ್ಯಾಗ್ಲರ್‌ಗೆ ಯಾಕೆ ಕೊಟ್ಟಿರಿ? ಕೊನೆಯ ಒಂದು ನಿಮಿಷ ಇನ್ನೊಮ್ಮೆ ನೋಡಿ ಹೇಳಿ, ಮಾತಾಡುವ.